ಕಾಲಿಗೆ ನೆಲ ಎಟುಕಬೇಕು ಅನ್ನುವ ಪುಟ್ಟಮಾದಪ್ಪ

ಪುಟ್ಟಮಾದಪ್ಪ ಓಡುತ್ತಿದ್ದಾರೆ. ವಯಸ್ಸು ಐವತ್ತಮೂರು, ಎಡ ಮಂಡಿಯಲ್ಲಿ ನೋವು, ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದಾರೆ. ಕೊಳ್ಳೇಗಾಲದ ಸಂತೆಮಾಳಕ್ಕೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಂದು ಲೇಡೀಸ್ ಸೈಕಲ್ಲು ಅತ್ತ ಇತ್ತ ವಾಲುತ್ತಾ ಹೋಗುತ್ತಿದೆ, ಅದರ ಕ್ಯಾರಿಯರನ್ನು ಬಲಗೈಯಲ್ಲಿ ಹಿಡಿದುಕೊಂಡು ಇವರು ಹಿಂದೆ. ಸೀಟಿನ ಮೇಲೆ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡ, ಮೂವತ್ತು ದಾಟಿದ ಹೆಂಗಸು. ಆಕೆಯ ಕಣ್ಣು ಮುಂದಿನ ಚಕ್ರದಿಂದ ಕದಲುತ್ತಿಲ್ಲ.

"ಚಕ್ರ ನೋಡ್ಬ್ಯಾಡಿ ಅವ್ವಾ, ದೂರ್ಕೆ ನೋಡಿ! ಆ ಉಣ್ಸೆ ಮರ ನೋಡಿ!"

"ಬಿಡಬೇಡಿ ಪುಟ್ಟಮಾದಪ್ಪ, ದಮ್ಮಯ್ಯ!"

"ಬುಟ್ಟಿಲ್ಲ, ಇಡ್ಕಂಡೇ ಇವ್ನಿ. ಬುಡೋವಾಗ ಏಳ್ಬುಟ್ಟೇ ಬುಡ್ತೀನಿ."

ಹೇಳದೆ ಕೈಬಿಡುವುದು ಸೈಕಲ್ ಕಲಿಸುವವರೆಲ್ಲರ ಹಳೇ ಆಟ. ಹಿಡಿದಿದ್ದೀನಿ ಹಿಡಿದಿದ್ದೀನಿ ಅನ್ನುತ್ತಲೇ ಹಿಂದೆ ನಿಂತುಬಿಡುತ್ತಾರೆ, ಕಲಿಯುವವನು ತಿರುಗಿ ನೋಡಿ ಬೀಳುತ್ತಾನೆ, ನಿಂತವರು ಹಲ್ಲು ಬಿಡುತ್ತಾರೆ. ಪುಟ್ಟಮಾದಪ್ಪ ಆ ಆಟ ಆಡುವವರಲ್ಲ. "ಈಗ ಬುಡ್ತೀನಿ" ಎಂದು ಹೇಳಿ, ಆಮೇಲೆ ಕೈ ತೆಗೆಯುತ್ತಾರೆ. ಅದಕ್ಕೂ ಮೊದಲು ಮೂರು ದಿನ ಸೈಕಲ್ ಓಡಿಸುವುದನ್ನು ಕಲಿಸುವುದೇ ಇಲ್ಲ. ಬರೀ ನಿಲ್ಲಿಸುವುದು. ನಾಲ್ಕು ಮಾರು ತಳ್ಳು, ಬ್ರೇಕ್ ಹಿಡಿ, ಕಾಲು ಕೊಡು. ಮತ್ತೆ ತಳ್ಳು, ಬ್ರೇಕ್ ಹಿಡಿ, ಕಾಲು ಕೊಡು. ಎಂಥವರಿಗೂ ತಲೆಕೆಡುತ್ತದೆ.

ನನಗೂ ಕೆಟ್ಟಿತ್ತು. ಈ ದೃಶ್ಯವನ್ನು ನಾನು ಮಾಳದ ಅಂಚಿನ ಕಲ್ಲಿನ ಮೇಲೆ ಕೂತು, ತರಚಿದ ಮೊಣಕೈಗೆ ಉಗುಳು ಹಚ್ಚಿಕೊಳ್ಳುತ್ತಾ ನೋಡುತ್ತಿದ್ದೇನೆ. ಪಕ್ಕದಲ್ಲಿ ನನ್ನದೇ ಹೊಸ ಸೈಕಲ್ಲು. ಇಂಥ ಲೇಖನ ಬರೆಯುವವರು ಬೆಳಗಿನ ಜಾವವೇ ಎದ್ದು ಹೋಗಿ ಶ್ರಮಜೀವಿಯನ್ನು ಕಂಡು ಬರುವುದು ವಾಡಿಕೆ. ನನಗೆ ಬೆಳಗ್ಗೆ ಐದಕ್ಕೆ ಏಳುವುದೆಂದರೆ ಜೀವ ಹೋಗುತ್ತದೆ. ನಾನು ಅಲ್ಲಿಗೆ ಬಂದದ್ದು ಲೇಖನಕ್ಕಲ್ಲ, ನಲವತ್ತೊಂದನೇ ವಯಸ್ಸಿನಲ್ಲಿ ಸೈಕಲ್ ಕಲಿಯಲಿಕ್ಕೆ, ಅದೂ ಊರು ಏಳುವ ಮೊದಲು, ಯಾರೂ ನೋಡದ ಹಾಗೆ.

ಸೈಕಲ್ಲಿನ ಮೇಲಿರುವ ಆ ಹೆಂಗಸಿನ ಹೆಸರನ್ನು ನಾನು ಬರೆಯುವುದಿಲ್ಲ. ಅವರ ಊರು ಮಾಂಬಳ್ಳಿಯ ಕಡೆ ಅಂದರೆ ಸಾಕು. ಓದಿದರೆ ಅವರಿಗೆ ತಿಳಿಯುತ್ತದೆ. ಅವರೊಬ್ಬರಿಗೆ ತಿಳಿಯಲಿ ಅಂತಲೇ ಇದನ್ನು ಬರೆಯುತ್ತಿರುವುದು.

ಪುಟ್ಟಮಾದಪ್ಪ ಗುರುಪಾದಸ್ವಾಮಿಯವರ ಸೈಕಲ್ ಅಂಗಡಿಯ ಆಳು. ಹುಟ್ಟಿದ್ದು ಶಾಗ್ಯದಲ್ಲಿ. ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಸೇರಿದ ವರ್ಷ, ಐವತ್ತಾರರಲ್ಲಿ, ಕೂಲಿ ಹುಡುಕಿಕೊಂಡು ಪೇಟೆಗೆ ಬಂದವರು. "ನಾ ಬಂದಾಗ ಬೋರ್ಡ್ಮ್ಯಾಲೆ ತಮಿಳಿತ್ತು ಸಾ. ಏಣಿ ಇಡ್ಕಂಡಿದ್ದೋನು ನಾನೇ, ಕನ್ನಡ ಬರ್ಸೋವಾಗ," ಅನ್ನುತ್ತಾರೆ. ಅಲ್ಲಿಂದ ಹದಿನೆಂಟು ವರ್ಷ ಅದೇ ಅಂಗಡಿ. ಹೆಂಡತಿ ದೊಡ್ಡಮಾದಮ್ಮ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ, ಕುದಿನೀರಲ್ಲಿ ಗೂಡು ತಡಕಿ ತಡಕಿ ಆಕೆಯ ಬೆರಳಿನ ತುದಿ ಯಾವಾಗಲೂ ಬೆಳ್ಳಗೆ ಸುಲಿದುಕೊಂಡಿರುತ್ತದೆ.

ದಿನಕ್ಕೆ ಹನ್ನೆರಡರಿಂದ ಹದಿನೈದು ಪಂಚರು, ಎರಡೋ ಮೂರೋ ಚಕ್ರದ ಬೆಂಡು ತೆಗೆಯುವುದು, ವಾರಕ್ಕೆ ನಾಲ್ಕು ಸೈಕಲ್ಲು ಪೂರಾ ಬಿಚ್ಚಿ ಗ್ರೀಸು ಹಾಕಿ ಕೂಡಿಸುವುದು. ಇದು ಯಾವ ಸೈಕಲ್ ಅಂಗಡಿಯಲ್ಲಾದರೂ ಯಾರಾದರೂ ಮಾಡುವ ಕೆಲಸ. ಪುಟ್ಟಮಾದಪ್ಪನವರ ಹೆಚ್ಚುಗಾರಿಕೆ ಬೇರೆ. ಮೊದಲ ಸಲ ಸೈಕಲ್ ಕೊಳ್ಳಲು ಬಂದ ದೊಡ್ಡವರಿಗೆ, ಪೋಸ್ಟ್‌ಮ್ಯಾನು, ಶ್ಯಾನುಭೋಗರು, ಗೂಡಿನ ವ್ಯಾಪಾರದವರು, ನನ್ನಂಥ ಪತ್ರಿಕೆಯವರು, ಯಾರೇ ಆಗಲಿ, ಅವರ ಮೈಗೆ ಆಗುವ ಸೈಕಲ್ಲನ್ನು ಆರಿಸಿಕೊಟ್ಟು, ಮಾಳಕ್ಕೆ ಕರೆತಂದು ಕಲಿಸಿ ಕಳಿಸುತ್ತಾರೆ. ಇದಕ್ಕೆ ಅವರಿಗೆ ಯಾರೂ ಏನೂ ಕೊಡುವುದಿಲ್ಲ, ಅವರು ಕೇಳುವುದೂ ಇಲ್ಲ.

ನಾನು ಅಂಗಡಿಗೆ ಹೋದ ದಿನ ಕಣ್ಣು ಬಿದ್ದದ್ದು ಗೋಡೆಗೆ ಒರಗಿಸಿದ್ದ ಇಪ್ಪತ್ತನಾಲ್ಕು ಇಂಚಿನ ಕಪ್ಪು ಸೈಕಲ್ಲಿನ ಮೇಲೆ. ಚೈನಿಗೆ ಪೂರ್ತಿ ಗೇರ್‌ಕೇಸು, ಮುಂದೆ ಡೈನಮೋ ದೀಪ. ಅದರ ಮೇಲೆ ಕೂತು ಹನೂರಿಗೂ ಯಳಂದೂರಿಗೂ ಸುದ್ದಿ ತರಲು ಹೋಗುತ್ತಿರುವ ನನ್ನನ್ನು ನಾನೇ ಕಲ್ಪಿಸಿಕೊಂಡಾಗಿತ್ತು. ಒಳಗಿನಿಂದ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಈ ಮನುಷ್ಯ ಬಂದರು.

"ಚಪ್ಲಿ ಬುಡಿ ಸಾ. ಕಂಬುಕ್ಕೆ ಬೆನ್ ಕೊಟ್ಕಂಡು ನಿಂತ್ಕಳಿ."

ಗೋಣಿ ಹೊಲಿಯುವ ದಾರ ತಂದು, ಕಾಲಿನ ಸಂದಿಯಿಂದ ಹಿಮ್ಮಡಿಗೆ ಅಳತೆ ಹಿಡಿದು, ಒಂದು ಗಂಟು ಹಾಕಿದರು. ಪೇಟೆಯ ಜನ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ ಹೋಯಿತು. ಆಮೇಲೆ ಪೊಲೀಸರ ಹಾಗೆ ಪ್ರಶ್ನೆ. ಎಲ್ಲೆಲ್ಲಿಗೆ ಹೋಗುತ್ತೀರಿ? ದಾರಿ ಡಾಂಬರೋ ಮಣ್ಣೋ? ಪಂಚೆಯೋ ಪ್ಯಾಂಟೋ? ಹಿಂದೆ ಏನು ಹೇರುತ್ತೀರಿ? ಜನ ಕಂಡಲ್ಲಿ ನಿಂತು ಮಾತಾಡುವ ಅಭ್ಯಾಸವೋ, ನೇರ ಹೋಗುವವರೋ? ಎಲ್ಲ ಕೇಳಿ, ಕಪ್ಪು ಸೈಕಲ್ಲಿನ ಕಡೆ ತಿರುಗಿಯೂ ನೋಡದೆ, ಮೂಲೆಯಲ್ಲಿದ್ದ ಇಪ್ಪತ್ತೆರಡು ಇಂಚಿನ ಹಸಿರು ಸೈಕಲ್ಲನ್ನು ಹೊರಗೆಳೆದರು. ಡೈನಮೋ ಇಲ್ಲ, ಗೇರ್‌ಕೇಸ್ ಇಲ್ಲ. ಅದರ ಮೇಲೆ ಕೂತರೆ ಎರಡೂ ಕಾಲಿನ ಬೆರಳು ನೆಲ ಮುಟ್ಟುತ್ತಿದ್ದವು.

"ಇದು ಹುಡುಗರ ಸೈಕಲ್ ಇದ್ದ ಹಾಗಿದೆಯಲ್ಲಯ್ಯ," ಎಂದೆ.

"ಓಡ್ಸಕ್ಕೆ ಯಾವ್ ಸೈಕಲ್ಲಾದ್ರೂ ಆಯ್ತದೆ ಸಾ. ನಿಲ್ಸಕ್ಕೆ ನಿಮ್ಮಳ್ತೇದೇ ಬೇಕು," ಎಂದರು. ಆಗ ಅದು ಅಂಗಡಿಯವರ ಮಾತುಗಾರಿಕೆ ಅನ್ನಿಸಿತ್ತು.

ಅಂಗಡಿಯ ಹಿಂಬದಿಯ ಮೊಳೆಯಲ್ಲಿ ಅಂಥ ಗಂಟು ಹಾಕಿದ ದಾರಗಳ ದೊಡ್ಡ ಕಂತೆಯೇ ನೇತಾಡುತ್ತಿದೆ. ಬಿಸಾಡಲು ಮನಸ್ಸು ಬರುವುದಿಲ್ಲವಂತೆ. ಒಂದು ಮಧ್ಯಾಹ್ನ ಕೂತು ಎಣಿಸಿದೆ. ಮುನ್ನೂರ ನಲವತ್ತಕ್ಕೆ ಮೇಲಿವೆ. ಒಬ್ಬೊಬ್ಬರಿಗೆ ಹತ್ತು ದಿನ, ದಿನಕ್ಕೊಂದು ಮೈಲಿ ಅಂತ ಇಟ್ಟುಕೊಂಡರೂ ಈ ಮನುಷ್ಯ ಕಂಡವರ ಸೈಕಲ್ಲಿನ ಹಿಂದೆ ಓಡಿರುವ ದೂರ ಇಲ್ಲಿಂದ ಕಾಶಿಗೆ ಹೋಗಿ ಬಂದು ಇನ್ನೂ ಮಿಗುತ್ತದೆ. ಇಷ್ಟು ಓಡಿದವರ ಹತ್ತಿರ ಸ್ವಂತಕ್ಕೊಂದು ಸೈಕಲ್ಲಿಲ್ಲ.

ನಮ್ಮ ಕಡೆಯವರು ಸೈಕಲ್ಲನ್ನು ಎತ್ತು ಕೊಂಡ ಹಾಗೆ ಕೊಳ್ಳುತ್ತಾರೆ. ನಗಬೇಡಿ, ಅಂಗಡಿಯ ಎದುರು ಒಂದು ಸಂತೆ ದಿನ ನಿಂತು ನೋಡಿ. ಓಡಿಸುವವನು ಒಬ್ಬನೇ ಬರುವುದಿಲ್ಲ. ಊರಲ್ಲಿ ಎತ್ತು ಆರಿಸುವುದಕ್ಕೆ ಹೆಸರಾದ ಹಿರಿಯರೊಬ್ಬರು ಮುಂದೆ ಬರುತ್ತಾರೆ. ಅವರು ಸೀಟನ್ನು ಡುಬ್ಬ ತಟ್ಟಿದಂತೆ ತಟ್ಟುತ್ತಾರೆ, ಹ್ಯಾಂಡಲನ್ನು ಕೊಂಬಿನ ಹಾಗೆ ಹಿಡಿದು ಅಲ್ಲಾಡಿಸುತ್ತಾರೆ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲುವು ನೋಡುತ್ತಾರೆ. ವ್ಯಾಪಾರ ಕುದುರಿಸುವಾಗ ದನದ ಸಂತೆಯ ಹಾಗೆ ಟವೆಲ್ಲಿನ ಮರೆಯಲ್ಲಿ ಗುರುಪಾದಸ್ವಾಮಿಯವರ ಬೆರಳು ಹಿಡಿದವರೂ ಇದ್ದಾರೆ, ರೇಟು ಬೋರ್ಡಿನ ಮೇಲೆ ಬರೆದಿದ್ದರೂ! ಎತ್ತಾದರೆ ಎತ್ತರವಿದ್ದಷ್ಟೂ ಲಕ್ಷಣ. ಹಾಗಾಗಿ ಸೈಕಲ್ಲೂ ಎತ್ತರದ್ದೇ ಆಗಬೇಕು. ಗಂಡಸಾದವನಿಗೆ ಇಪ್ಪತ್ತನಾಲ್ಕು ಇಂಚಿನದೇ ಆಗಬೇಕು. ಅದಕ್ಕಿಂತ ಕಮ್ಮಿ ಅಂದರೆ ಮರ್ಯಾದೆಗೆ ಕಮ್ಮಿ.

ಹೀಗೆ ಬಂದವರ ಎದುರು ಪುಟ್ಟಮಾದಪ್ಪ ದಾರ ಹಿಡಿದು ನಿಲ್ಲುತ್ತಾರೆ. ಆಗಲ್ಲ ಅಂದರೆ ಆಗಲ್ಲ. ಬೈಸಿಕೊಂಡಿದ್ದಾರೆ, ಒಮ್ಮೆ ಕೆನ್ನೆಗೂ ಬಿದ್ದಿದೆ. ಎತ್ತರದ ಸೈಕಲ್ಲುಗಳು ಖರ್ಚಾಗದೆ ಧೂಳು ಹಿಡಿದಾಗ ಗುರುಪಾದಸ್ವಾಮಿಯವರಿಗೂ ಸಾಕಾಗಿ, ಗಿರಾಕಿಯ ಮುಂದೆ ಬರಬೇಡ ಅಂತ ಹಿಂದಿನ ಪಂಚರ್ ಜಾಗಕ್ಕೆ ಹಾಕಿದ್ದಾರೆ. "ಒಳ್ಳೆ ಆಳು, ಕೈ ಸತ್ಯ. ಆದ್ರೆ ಮೊಂಡ. ಬಂದ ಗಿರಾಕಿನೇ ಬಯ್ದು ಕಳಿಸ್ತಾನೆ," ಅನ್ನುತ್ತಾರೆ ಯಜಮಾನರು. ಆದರೂ ಜನ ಹಿಂದಕ್ಕೇ ಹೋಗಿ ಕೇಳುತ್ತಾರೆ, ಇವರು ದಾರ ತೆಗೆಯುತ್ತಾರೆ.

ಈ ಮೊಂಡತನ ಎಲ್ಲಿಂದ ಬಂತು ಅಂತ ನನಗೆ ಗೊತ್ತಾದದ್ದು ಜೂನ್ ತಿಂಗಳಲ್ಲಿ, ಮಾಳದ ಆ ಕಲ್ಲಿನ ಮೇಲೆ.

ಆ ಹೆಂಗಸನ್ನು ಪುಟ್ಟಮಾದಪ್ಪ 'ಅವ್ವ' ಅಂತಲೂ 'ಮೇಡಮ್ಮೋರು' ಅಂತಲೂ ಅನ್ನುತ್ತಾರೆ, ನಾನು ಮೇಡಮ್ಮೋರು ಅನ್ನುತ್ತೇನೆ. ಅವರು ಮೇ ತಿಂಗಳ ಕೊನೆಯಲ್ಲಿ ಎತ್ತಿನ ಗಾಡಿಯಲ್ಲಿ ಒಂದು ಹಳೇ ಸೈಕಲ್ ಹಾಕಿಸಿಕೊಂಡು ಅಂಗಡಿಗೆ ಬಂದಿದ್ದರು. ಇಪ್ಪತ್ತನಾಲ್ಕು ಇಂಚಿನದು. ತುಕ್ಕು ಹಿಡಿದಿತ್ತು, ಟೈರು ಬಿರುಕು ಬಿಟ್ಟಿತ್ತು. ಅವರಿಗೆ ಗ್ರಾಮಸೇವಿಕೆ ಕೆಲಸದ ಆರ್ಡರು ಬಂದಿತ್ತು. ಜುಲೈ ಒಂದಕ್ಕೆ ಹನೂರಿನಲ್ಲಿ ಸೇರಬೇಕು, ಶಾಗ್ಯದ ಕಡೆಯ ಐದು ಹಳ್ಳಿ ನೋಡಿಕೊಳ್ಳಬೇಕು. ಬಸ್ಸು ನೆಚ್ಚಿಕೊಂಡರೆ ದಿನಕ್ಕೊಂದು ಹಳ್ಳಿಯೂ ಆಗುವುದಿಲ್ಲ. ಹಿಂದೆ ಇದ್ದವರು ಅದಕ್ಕೇ ಬಿಟ್ಟು ಹೋದರಂತೆ. ಗಂಡ ತೀರಿಹೋಗಿ ಹದಿಮೂರು ವರ್ಷ. ಗಂಡ ಹೋದ ಮೇಲೆ ತವರಿನಲ್ಲಿದ್ದುಕೊಂಡೇ ಪರೀಕ್ಷೆ ಕಟ್ಟಿ ಪಾಸು ಮಾಡಿದವರು, ಈಗ ಅಪ್ಪನೂ ಇಲ್ಲ, ಅಣ್ಣನ ಸಂಸಾರದ ಜೊತೆ ಇದ್ದಾರೆ. ಈ ಕೆಲಸ ಕೈತಪ್ಪಿದರೆ ಆ ಮನೆಯ ಒಲೆ ಮುಂದೆಯೇ ಮುದುಕಿಯಾಗಬೇಕು. ಇದನ್ನು ಅವರೇ ನನಗೆ ಹೇಳಿದರು, ನಗುತ್ತಲೇ ಹೇಳಿದರು.

"ಇದು ನಮ್ಮ ಯಜಮಾನ್ರ ಸೈಕಲ್ಲು," ಎಂದರು ಇನ್ನೊಂದು ಬೆಳಗ್ಗೆ, ಸುಧಾರಿಸಿಕೊಳ್ಳುವಾಗ. "ಮೇಷ್ಟ್ರಾಗಿದ್ರು. ಮದುವೇಲಿ ನಮ್ಮಪ್ಪ ಕೊಡಿಸಿದ್ದು. ಎಂಟು ತಿಂಗಳು ಓಡಿಸಿದ್ರು. ಮೋರಿ ಮೇಲೆ ಎದುರಿಗೆ ಹುಲ್ಲಿನ ಗಾಡಿ ಬಂತು, ಕಾಲುವೆ ಒಳಗೆ ಬಿದ್ರು. ತಲೆ ಕಲ್ಲಿಗೆ ಬಡೀತು. ಆಮೇಲೆ ನಮ್ಮಪ್ಪ ಸೈಕಲ್ನ ಹಗ್ಗ ಕಟ್ಟಿ ನಡುಮನೆ ತೊಲೆಗೆ ನೇತು ಹಾಕ್ಬಿಟ್ರು. ಇಳಿಸಕ್ಕೂ ಬಿಡ್ಲಿಲ್ಲ, ಮಾರಕ್ಕೂ ಬಿಡ್ಲಿಲ್ಲ. ಹದಿಮೂರು ವರ್ಷ ಅದರ ಕೆಳಗೇ ಕೂತು ಊಟ ಮಾಡಿದೀನಿ."

ಅವರೇ ಮುಂದುವರಿಸಿದರು.

"ಅವರಿಗೆ ಸೈಕಲ್ ಸರಿಯಾಗಿ ಬರ್ತಿರ್ಲಿಲ್ಲ. ಊರಿನೋರು ಈಗ್ಲೂ ಆಡ್ಕೊಳ್ತಾರೆ, ಸೈಕಲ್ ಬರದ ಮೇಷ್ಟ್ರು ಅಂತ. ನನಗೂ ಬರುತ್ತೋ ಇಲ್ವೋ. ಹತ್ತಿದ ಕೂಡ್ಲೇ ಕಣ್ಣು ಚಕ್ರದ ಮೇಲೇ ಹೋಗುತ್ತೆ."

ಅಷ್ಟು ಹೊತ್ತು ಪಕ್ಕದಲ್ಲೇ ಕೂತು ಚೈನು ಬಿಗಿಮಾಡುತ್ತಿದ್ದ ಪುಟ್ಟಮಾದಪ್ಪ ಎದ್ದು ಹುಣಸೆಮರದ ಕಡೆ ನಡೆದುಬಿಟ್ಟರು. ಮೂತ್ರಕ್ಕೆ ಹೋದರೇನೋ ಅಂದುಕೊಂಡೆ.

ಮೇಡಮ್ಮೋರು ಹೊಸ ಸೈಕಲ್ ಬೇಡವೆಂದು ಹಟ ಹಿಡಿದಿದ್ದರು. ಗಂಡ ಓಡಿಸಿದ್ದೇ ಬೇಕು. ಆ ಎತ್ತರದ, ಅಡ್ಡಪಟ್ಟಿಯ ಸೈಕಲ್ಲನ್ನು ಸೀರೆ ಉಟ್ಟವರು ಹತ್ತುವುದೆಂತು? ಪುಟ್ಟಮಾದಪ್ಪ ಎರಡು ದಿನ ಯೋಚಿಸಿ ಒಂದು ದಾರಿ ಹುಡುಕಿದರು. ಅಟ್ಟದ ಮೇಲೆ ಬಿದ್ದಿದ್ದ ಒಂದು ಗಿಡ್ಡ ಲೇಡೀಸ್ ಫ್ರೇಮು ಇಳಿಸಿ, ಮೇಷ್ಟರ ಸೈಕಲ್ಲಿನ ಚಕ್ರ, ಹ್ಯಾಂಡಲು, ಚೈನು, ಬೆಲ್ಲು ಎಲ್ಲ ಬಿಚ್ಚಿ ತುಕ್ಕು ಉಜ್ಜಿ ಅದಕ್ಕೆ ಕೂಡಿಸಿದರು. ಗುರುಪಾದಸ್ವಾಮಿಯವರು ಗೊಣಗಿದರು, ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಬೆಲ್ ಮಾತ್ರ ಬದಲಾಯಿಸಬೇಡಿ," ಅಂದಿದ್ದರಂತೆ ಮೇಡಮ್ಮೋರು. "ಊರ ಬಾಗಿಲಲ್ಲೇ ಬೆಲ್ ಮಾಡ್ತಿದ್ರು. ಅದು ಕೇಳಿದ್ಮೇಲೇ ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ."

ಅಳತೆಯದೂ ಒಂದು ಪೇಚಾಯಿತು. ಗಂಡಸರ ಕಾಲು ಅಳೆದಂತೆ ಪರರ ಮನೆಯ ಹೆಣ್ಣುಮಗಳನ್ನು ಅಳೆಯಲಾಗುತ್ತದೆಯೇ? ದೊಡ್ಡಮಾದಮ್ಮನನ್ನು ಕರೆಸಿದರು. ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಆಕೆ ಅಳೆದು, ಸುಲಿದ ಬೆರಳಲ್ಲಿ ಗಂಟು ಹಾಕಿ, ದಾರವನ್ನು ಗಂಡನ ಕೈಗೆ ತಂದು ಕೊಟ್ಟರು. ಆ ದಾರಕ್ಕೆ ಸರಿಯಾಗಿ ಸೀಟು ಇಳಿಸಿದ್ದಾಯಿತು. ಗಂಡನ ಚಕ್ರ, ಗಂಡನ ಬೆಲ್ಲು, ಕಾಲು ಮಾತ್ರ ನೆಲಕ್ಕೆ ಎಟುಕುತ್ತಿತ್ತು.

ಆ ಬೆಳಗ್ಗೆ, ಗಂಡನ ಕತೆ ಹೇಳಿ ಮೇಡಮ್ಮೋರು ಹೋದ ಮೇಲೆ, ಪುಟ್ಟಮಾದಪ್ಪ ಹುಣಸೆಮರದ ಹತ್ತಿರದಿಂದ ವಾಪಸ್ಸು ಬಂದರು. ಹತಾರದ ತಗಡಿನ ಡಬ್ಬಿಯ ತಳದಿಂದ ಗ್ರೀಸಿನ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಮುಂದೆ ಬಿಚ್ಚಿದರು. ನಾಲ್ಕು ಮರದ ತುಂಡು. ಹೊನ್ನೆ ಮರದವು, ಎರಡು ಬೆರಳು ದಪ್ಪ, ಅಂಚು ನಯಮಾಡಿ, ತುದಿಯಲ್ಲಿ ಸ್ಕ್ರೂ ಹಾಕಲು ತೂತು ಕೊರೆದವು. ಮೇಲ್ಮೈ ಚಪ್ಪಲಿ ತಿಕ್ಕಿ ತಿಕ್ಕಿ ನುಣುಪಾಗಿತ್ತು.

"ಏನಿದು?"

"ಪೆಡ್ಲಿಗೆ ಕಟ್ಟೋ ಕಟ್ಟೆ ಸಾ. ಮೇಡಮ್ಮೋರ ಸೈಕಲ್ಲಲ್ಲಿತ್ತು. ಗಾಡಿಯಿಂದ ಇಳ್ಸೋವಾಗ್ಲೇ ಗುರ್ತ್ ಸಿಕ್ತು. ನನ್ ಕೈಯಲ್ ಕೆತ್ತಿದ್ದು."

ನಾಲ್ಕನ್ನೂ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ಆಮೇಲೆ ನಿಲ್ಲಿಸದೆ ಹೇಳಿದರು. ಅವರು ಹೇಳಿದ ಹಾಗೇ ಬರೆಯುತ್ತೇನೆ.

"ಅರವತ್ತನೇ ಇಸ್ವಿ. ಮೇಷ್ಟ್ರ ಮಾವನೋರು ಬಂದ್ರು, ಅಳಿಯನ್ನ ಕರ್ಕಂಡು. ಮಾವನೋರು ಎತ್ತು ಆರ್ಸೋದ್ರಲ್ಲಿ ಎತ್ತಿದ್ ಕೈ. ಬಂದೋರೇ ಇಪ್ಪತ್ನಾಕಿಂಚಿಂದ್ರ ಬೆನ್ ತಟ್ಟುದ್ರು. ಮೇಷ್ಟ್ರು ಗಿಡ್ಡುಕ್ಕಿದ್ರು ಸಾ, ನನ್ ಭುಜುಕ್ಕೆ ಬರೋರು. ನಾ ದಾರ ಇಡ್ದು ಅಳ್ದೆ. ಸಂದಾಕೇ ಅಳ್ದೆ. ನಾಕ್ ಬೆರಳು ಸಾಲ್ದು. ಬುದ್ಧಿ, ಎತ್ರ ಆಯ್ತದೆ ಅಂದೆ. 'ಲೇ, ನನ್ನಳಿಯ ಕುಳ್ಳ ಅಂತ ಊರ್ಗೆಲ್ಲ ಟಾಮ್ಟಾಮ್ ಒಡಿಸ್ಬೇಕೇನ್ಲಾ?' ಅಂದ್ರು. ಅಂಗಡೀಲಿದ್ದೋರೆಲ್ಲ ನಕ್ರು. ಮೇಷ್ಟ್ರು ತಲೆ ತಗ್ಗಿಸ್ಕಂಡು, 'ಗಿಡ್ಡದ್ದೇ ಸಾಕು ಮಾವ' ಅಂದ್ರು. ಮೆಲ್ಲಗಂದ್ರು. ನಂಗೊಬ್ಬಂಗೇ ಕೇಳುಸ್ತು."

"ನೀವು ಆಗಲ್ಲ ಅನ್ನಬಹುದಿತ್ತು."

"ಅನ್ಬೋದಾಗಿತ್ತು. ನಾ ಏನ್ ಮಾಡ್ದೆ ಗೊತ್ತಾ? ಜಾಣತನ ತೋರ್ಸಕ್ಕೋದೆ. ಇರಿ ಬುದ್ಧಿ, ನಾ ಸರಿಮಾಡ್ತೀನಿ ಅಂತ ಒನ್ನೆ ಮರ ತಕಂಡು ಸಾಯಂಕಾಲ್ದೊಳ್ಗೆ ಈ ಕಟ್ಟೆ ಕೆತ್ತಿ ಪೆಡ್ಲಿಗೆ ಬಿಗ್ದೆ. ಕಾಲು ಎಟುಕ್ತು. ಮಾವನೋರು ಭೇಷ್ ಅಂದ್ರು. ಅಂಗಡಿ ಯಜಮಾನ್ರು ಬೆನ್ ತಟ್ಟುದ್ರು. ನಂಗೇ ಇಗ್ಗು ಸಾ, ಏನೋ ದೊಡ್ದಾಗಿ ಮಾಡ್ಬುಟ್ಟೆ ಅಂತ. ಪೆಡ್ಲನ್ನ ಕಾಲ್ಗೆ ತಂದ್ಕೊಟ್ಟೆ. ನೆಲಾನ ತರಕ್ಕಾದದಾ?"

ಮೇಷ್ಟರಿಗೆ ಇದೇ ಮಾಳದಲ್ಲಿ ಸೈಕಲ್ ಕಲಿಸಿದವರೂ ಇವರೇ. ನಾಲ್ಕೇ ದಿನದಲ್ಲಿ ಕಲಿತರಂತೆ. ಮನೆಯಲ್ಲಿ ಜಗಲಿಯಿಂದ ಹತ್ತುತ್ತಿದ್ದರು, ಸ್ಕೂಲಿನಲ್ಲಿ ಮೆಟ್ಟಿಲಿಗೆ ಒರಗಿಸಿ ಇಳಿಯುತ್ತಿದ್ದರು, ದಾರಿಯಲ್ಲಿ ಮೈಲಿಗಲ್ಲು ಹುಡುಕಿಕೊಂಡು ನಿಲ್ಲುತ್ತಿದ್ದರು. ಮೋರಿಯ ಮೇಲೆ ಗಾಡಿ ಎದುರಾದ ದಿನ ನಿಲ್ಲಲೇಬೇಕಾಯಿತು. ಬ್ರೇಕ್ ಹಿಡಿದರು, ಕಾಲು ಚಾಚಿದರು. ಕಾಲಿನ ಕೆಳಗೆ ಏನೂ ಸಿಗಲಿಲ್ಲ.

"ಸುದ್ದಿ ಬಂದಾಗ ಪಂಚರ್ ಆಕ್ತಾ ಇದ್ದೆ. ಮಣ್ಣಿಗೂ ಓಗ್ನಿಲ್ಲ ಸಾ. ಮೊಕ ಇರ್ನಿಲ್ಲ."

"ಬಿಡಿ ಪುಟ್ಟಮಾದಪ್ಪ, ಹಟ ಮಾಡಿದ್ದು ಮಾವ, ಮಾರಿದ್ದು ಯಜಮಾನರು," ಎಂದೆ. ಇಂಥ ಸಮಾಧಾನದ ಮಾತು ಆಡುವುದು ನನಗೆ ಸಲೀಸು.

ಅವರು ನನ್ನನ್ನು ನೋಡಿದರು. "ಅವ್ರ್ಗೆ ಗೊತ್ತಿರ್ನಿಲ್ಲ. ನಂಗೊತ್ತಿತ್ತು," ಎಂದರು. "ಅವತ್ತಿಂದ ಕಾಲು ನೆಲ ಮುಟ್ದಿದ್ರೆ ಯಾರ್ಗೂ ಕೊಟ್ಟಿಲ್ಲ. ಆದ್ರೆ ಇನ್ನೊಂದದೆ ಸಾ. ಸೈಕಲ್ ಬರ್ದಲೇ ಸತ್ರು ಅಂತ ಅವ್ವ ತಿಳ್ಕಂಡವ್ರೆ. ಊರೂ ಅಂಗೇ ಆಡ್ಕತದೆ. ಬತ್ತಿತ್ತು ಸಾ! ನಾನೇ ಕಲ್ಸಿದ್ದು, ಸಂದಾಗ್ ಬತ್ತಿತ್ತು. ಸತ್ತೋರ ಮ್ಯಾಲೆ ಅದಿಮೂರ್ ವರ್ಷ್ದಿಂದ ನನ್ ತಪ್ಪು ಕೂತದೆ."

ನನಗೆ ಕಣ್ಣು ತುಂಬಿತು. ಹೇಳಲು ನಾಚಿಕೆಯೇನಿಲ್ಲ.

ಎದುರಿಗೇ ಹೇಳಿಬಿಡಿ ಎಂದೆ. ಮೂರು ಸಲ ಪ್ರಯತ್ನಪಟ್ಟಿದ್ದಾರಂತೆ, ಪ್ರತಿ ಸಲವೂ ಚೈನಿನ ವಿಚಾರ ಮಾತಾಡಿ ಬಂದಿದ್ದಾರೆ. ಅಲ್ಲದೆ ಈಗ ಹೇಳಿದರೆ ಆಕೆ ಕಲಿಯುವುದನ್ನೇ ಬಿಟ್ಟರೆ? ಗಂಡನ ಸಾವಿಗೆ ಕಾರಣನಾದವನ ಕೈ ಕ್ಯಾರಿಯರ್ ಮೇಲಿದೆ ಅಂತ ಗೊತ್ತಾದ ಮೇಲೆ ಯಾರು ತಾನೇ ಸೈಕಲ್ ಹತ್ತುತ್ತಾರೆ? ಜುಲೈ ಒಂದಕ್ಕೆ ಇನ್ನು ಹನ್ನೊಂದು ದಿನವಿತ್ತು.

"ನೀವು ಪೇಪರ್ನೋರು. ನಿಮ್ ಲೇಖ್ನ ತಪ್ಪಿಸ್ದೆ ಓದ್ತೀನಿ ಅಂತ ಅವ್ವ ಅಂದವ್ರೆ. ನೀವು ಬರೀರಿ. ಆದ್ರೆ ಈಗ್ಬ್ಯಾಡಿ. ಅವ್ರು ಒಬ್ರೇ ಓಡ್ಸಿ, ಒಬ್ರೇ ನಿಂತ್ಮ್ಯಾಲೆ ಬರೀರಿ."

ಬರೆಯುವವರ ಜಾತಿಯೇ ಕೆಟ್ಟದ್ದು. ಕೇಳಿದ ರಾತ್ರಿಯೇ ಬರೆದು ಕಳಿಸೋಣ ಅನ್ನಿಸಿತ್ತು. ತಡೆದುಕೊಂಡೆ.

ಆ ಹನ್ನೊಂದು ದಿನ ಮಾಳದಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ನನಗೆ ಎಲ್ಲ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಆಕೆ ಬೆಲ್ ಮಾಡಿದಾಗಲೆಲ್ಲ ಪುಟ್ಟಮಾದಪ್ಪನವರ ಮುಖ ಸಣ್ಣದಾಗುತ್ತಿತ್ತು. ಐದನೇ ದಿನ ಆಕೆ ಬಿದ್ದರು, ಅಂಗೈ ಕಿತ್ತುಬಂತು. ಪುಟ್ಟಮಾದಪ್ಪ ತಮ್ಮ ಟವೆಲ್ ಹರಿದು ಕಟ್ಟಿದರು. "ಸಾಕು, ನನ್ನ ಹಣೇಲಿ ಇದು ಬರೆದಿಲ್ಲ, ಅವರಿಗೆ ಬರ್ಲಿಲ್ಲ, ನನಗೂ ಬರಲ್ಲ," ಅಂತ ಆಕೆ ಅಳುತ್ತಾ ಕೂತುಬಿಟ್ಟರು. ಪುಟ್ಟಮಾದಪ್ಪ ಬಾಯಿ ತೆರೆದರು. ಹೇಳೇಬಿಡುತ್ತಾರೆ ಅಂದುಕೊಂಡೆ. "ಏಳಿ ಅವ್ವ, ಇನ್ನೊಂದ್ ಸುತ್ತು," ಎಂದಷ್ಟೇ ಅಂದರು. ಆ ದಿನ ಇನ್ನೊಂದಲ್ಲ, ಒಂಬತ್ತು ಸುತ್ತು ಓಡಿದರು. ಮನೆಗೆ ಹೋಗುವಾಗ ಆ ಎಡ ಕಾಲು ಎಳೆಯುತ್ತಿತ್ತು.

ಎಂಟನೇ ದಿನ "ಈಗ ಬುಡ್ತೀನಿ ಅವ್ವ," ಎಂದರು. ಬಿಟ್ಟರು. ಮೇಡಮ್ಮೋರು ಹುಣಸೆಮರದವರೆಗೆ ಹೋದರು, ತಿರುಗಿಸಲು ಬಾರದೆ ಅಲ್ಲೇ ಬ್ರೇಕ್ ಹಿಡಿದರು, ಎರಡೂ ಕಾಲು ಕೊಟ್ಟು ನಿಂತುಕೊಂಡು ನಮ್ಮ ಕಡೆ ತಿರುಗಿ ಕಿರುಚಿದರು, ಹುಡುಗಿಯ ಹಾಗೆ. ನಾನು ಚಪ್ಪಾಳೆ ಹೊಡೆದೆ. ಪುಟ್ಟಮಾದಪ್ಪ ಮಾಳದ ಮಣ್ಣಲ್ಲೇ ಕುಕ್ಕರುಗಾಲಲ್ಲಿ ಕೂತರು. ನಾನಂತೂ ಇನ್ನೂ ಎಡಕ್ಕೆ ತಿರುಗಿಸಲು ಕಲಿತಿಲ್ಲ, ಅದು ಬೇರೆ ಮಾತು.

ಜೂನ್ ಮೂವತ್ತರಂದು ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಅವರು ಹನೂರಿಗೆ ಹೊರಟರು. ಪುಟ್ಟಮಾದಪ್ಪನವರಿಗೆ ಕೈಮುಗಿದು, "ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸಲಿ," ಅಂದರು. ಈ ಮನುಷ್ಯ ಆ ಮಾತು ಕೇಳಲಾರದೆ ಬಸ್ಸಿನ ಹಿಂದಕ್ಕೆ ಹೋಗಿ, ಬಿಗಿಯಾಗಿಯೇ ಇದ್ದ ಹಗ್ಗವನ್ನು ಮತ್ತೆ ಬಿಗಿಯಲು ಏಣಿ ಹತ್ತಿದರು.

ಮೊನ್ನೆ ಬುಧವಾರ ಸಾಯಂಕಾಲ ಪುಟ್ಟಮಾದಪ್ಪ ನನ್ನ ಮನೆ ಬಾಗಿಲಿಗೆ ಬಂದರು. ಹಿಂದೆಂದೂ ಬಂದವರಲ್ಲ. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ಅಂಚಿನಲ್ಲಿ ಕೂತರು. ಕಾಲ ತುಂಬ ಧೂಳು. ಯಜಮಾನರಿಗೆ ಹೇಳದೆ ಅಂಗಡಿ ತಪ್ಪಿಸಿ, ಬೆಳಗಿನ ಬಸ್ಸಿಗೆ ಹನೂರಿಗೆ ಹೋಗಿ, ಅಲ್ಲಿಂದ ಶಾಗ್ಯದ ದಾರಿ ಹಿಡಿದು ನಡೆದಿದ್ದರು.

"ದಾರೀಲೊಂದು ಮೋರಿ ಅದೆ ಸಾ. ಅಲ್ಲೊಂದು ಆಲದ್ಮರ. ಅದ್ರಿಂದೆ ಕೂತಿದ್ದೆ. ಅತ್ತು ಗಂಟೆಗೆ ಅವ್ವ ಬಂದ್ರು. ಎದ್ರಿಂದ ಗೊಬ್ಬರದ ಗಾಡಿ ಬಂತು."

"ಆಮೇಲೆ?" ಎಂದೆ.

"ಬ್ರೇಕ್ ಇಡುದ್ರು. ಎಡಗಾಲ್ ಕೊಟ್ರು. ಸೈಕಲ್ ವಾಲ್ಸ್ಕಂಡು, ಗಾಡಿ ಓಗೋಗಂಟ ಆರಾಮ್ವಾಗಿ ನಿಂತ್ಕಂಡ್ರು. ಗಾಡಿಯೋನ್ಗೆ 'ನಿಧಾನಕ್ ಓಗಪ್ಪ' ಅಂತ ಅವ್ರೇ ಅಂದ್ರು. ಆಮೇಲೆ ಬೆಲ್ ಮಾಡ್ಕಂಡು ಒಂಟೋದ್ರು."

ನಿಮ್ಮನ್ನು ನೋಡಿದರೇ ಎಂದು ಕೇಳಿದೆ. ಇಲ್ಲವಂತೆ. ಹೆಂಡತಿ ಕಟ್ಟಿಕೊಟ್ಟಿದ್ದ ರಾಗಿ ರೊಟ್ಟಿಯನ್ನು ಅದೇ ಮೋರಿಯ ಮೇಲೆ ಕೂತು ತಿಂದು ಬಂದರಂತೆ. ಹದಿಮೂರು ವರ್ಷದಲ್ಲಿ ಯಾವ ಮೋರಿಯ ಮೇಲೂ ಅವರು ಕೂತವರಲ್ಲ.

"ಇನ್ ಬರೀರಿ ಸಾ."

"ಹೆಸರು ಹಾಕಲೇ?"

"ಅವ್ವುಂದು ಬ್ಯಾಡಿ, ಮೇಷ್ಟ್ರುದೂ ಬ್ಯಾಡಿ. ನಂದು ಆಕಿ. ಕಟ್ಟೆ ಕೆತ್ತಿದೋನು ಪುಟ್ಟಮಾದಪ್ಪ, ಮೇಷ್ಟ್ರುಗೆ ಸೈಕಲ್ ಸಂದಾಗ್ ಬತ್ತಿತ್ತು, ಅಂತ ಬರೀರಿ. ಅಷ್ಟೇ ಸಾಕು."

ಬರೆದಿದ್ದೇನೆ. ಅವರ ಎದುರಿಗೇ ಕೂತು ಮೊದಲ ಸಾಲು ಬರೆಯಲು ಶುರುಮಾಡಿದೆ, ಅವರಿಗೆ ಓದಿ ಹೇಳಿದೆ. ಓಡುತ್ತಿದ್ದಾರೆ ಅಂತ ಬರೆದದ್ದಕ್ಕೆ ತುಸು ನಕ್ಕರು. ಹೊರಡುವಾಗ ಅಂಗಳದಲ್ಲಿ ನಿಂತು ಹಿಂದಿರುಗಿ ಕೇಳಿದರು.

"ಭಾನುವಾರದ್ ಪೇಪರ್ ಹನೂರ್ಗೆ ಯಾವತ್ತು ಓಯ್ತದೆ ಸಾ?"

"ಸೋಮವಾರ ಬೆಳಗಿನ ಬಸ್ಸಿಗೆ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು, ಮೇಡಮ್ಮೋರಿಗೆ ಓದಲಿಕ್ಕೆ ಎಷ್ಟು ಹೊತ್ತು, ಅಲ್ಲಿಂದ ಬರಲಿಕ್ಕೆ ಎಷ್ಟು ಹೊತ್ತು ಅಂತ.

"ಅಂಗಾರೆ ಸೋಮಾರ ನಾ ಊಟುಕ್ಕೂ ಮನೆಗೋಗಕ್ಕಿಲ್ಲ," ಎಂದರು. "ಅಂಗಡೀಲೇ ಇರ್ತೀನಿ."